ಮಾಳಿಗೆಯ ಮೇಲಿನ ಔಷಧ

ಮೀನೆಣ್ಣೆಯ ಬಾಟಲಿ ಹಿಡಿದುಕೊಂಡು ಜೈನರ ಮನೆಗೆ ಹೋಗಬಾರದು ಎನ್ನುವಷ್ಟು ಬುದ್ಧಿ ಕಂಪೌಂಡರನಾದ ನನಗೆ ಇರಬೇಕಿತ್ತು. ಆದರೆ ತುಕ್ಕಾನಟ್ಟಿಯ ಆ ಮನೆಯ ಮೊಮ್ಮಗಳ ಎಲುಬು ಮೆತ್ತಗಾಗಿ ಕಾಲು ಬಿಲ್ಲಿನಂತೆ ಬಾಗಿದ್ದವು. ಡಾಕ್ಟರು ಕೊಟ್ಟು ಕಳಿಸಿದರು, ನಾನು ಹೋದೆ.

“ಯಾತರ ಎಣ್ಣಿರಿ ಇದು?” ಎಂದು ಅಜ್ಜಿ ಕೇಳಿದಳು.

ಸುಳ್ಳು ಹೇಳಲು ನಾಲಗೆ ಏಳಲಿಲ್ಲ. “ಮೀನಿಂದ್ರಿ, ಆಯಿ.”

ಆಯಿ ಮೂಗಿಗೆ ಸೆರಗು ಹಿಡಿದು, ಕೋಲಿನಿಂದ ಬಾಟಲಿಯನ್ನು ಹೊಸ್ತಿಲಾಚೆ ನೂಕಿದಳು.

“ಹಂಗಾರ ಹುಡುಗೀನ ದಿನಾ ಮುಂಜಾನಿ ಬಿಸಿಲಿಗರೆ ಬಿಡ್ರಿ. ಕತ್ತಲಾಗ ಕುಂದ್ರಿಸಿದ್ರ ಎಲುಬು ಗಟ್ಟಿ ಆಗಂಗಿಲ್ಲ,” ಎಂದೆ.

“ಅಂಗಳದಾಗ ಬಿಟ್ರ ಬಂದ ಮಂದಿ ಎಲ್ಲಾ ಕಾಲೇ ನೋಡ್ತಾರ್ರಿ. ಕೂಸು ಅಳ್ತೈತಿ.” ಆಯಿ ತುಸು ಯೋಚಿಸಿದಳು. “ಮಾಳಗಿ ಮ್ಯಾಲ ಯಾರು ನೋಡ್ತಾರ? ಸಂಡಿಗಿ ಒಣ ಹಾಕೇನಿ. ಕಾಗಿ ಕಾಯ್ಕೋತ ಕುಂದರ್ಲಿ.”

ಮರುವರ್ಷ ಬೇಸಿಗೆಯಲ್ಲಿ ಮತ್ತೆ ಆ ಓಣಿಗೆ ಹೋದೆ. ಹುಡುಗಿ ಮಾಳಿಗೆಯ ಮೇಲೆ ಕೋಲು ಹಿಡಿದು, ಕೇಕೆ ಹಾಕುತ್ತ ಕಾಗೆಗಳ ಬೆನ್ನು ಹತ್ತಿದ್ದಳು. ಕಾಲು ಇನ್ನೂ ತುಸು ಸೊಟ್ಟಗಿದ್ದವು, ಆದರೆ ಕಾಗೆಗಳಿಗೆ ಅದು ಗೊತ್ತಿರಲಿಲ್ಲ.

“ನೋಡ್ರಿ, ನಿಮ್ಮ ಔಷಧ ಹೆಂಗ ಹತ್ತೇತಿ! ಕರದ್ರ ಕೆಳಗ ಇಳಿಯಂಗಿಲ್ಲ,” ಎಂದು ಆಯಿ ಬಾಗಿಲಲ್ಲಿ ಹಿಗ್ಗಿ ನಿಂತಿದ್ದಳು.

ನಾನು ಮೇಲೆ ನೋಡಿದೆ. ಆ ಮಾಳಿಗೆಯ ಅಂಚಿಗೆ ಗೇಣೆತ್ತರದ ಗೋಡೆಯೂ ಇರಲಿಲ್ಲ. ಎಲುಬು ಗಟ್ಟಿಯಾಗಲೆಂದು ಬಿಸಿಲಿಗೆ ಬಿಡಿಸಿದ್ದ ನಾನು, ಅದೇ ಎಲುಬು ಮುರಿಯದಿರಲೆಂದು ತಲೆಯ ರುಮಾಲು ಬಿಚ್ಚಿ ಎರಡೂ ಕೈಯಲ್ಲಿ ಹರಡಿ ಹಿಡಿದು, ಮೇಲೆ ಅವಳು ಓಡಿದತ್ತ ಕೆಳಗೆ ಓಣಿಯಲ್ಲಿ ಓಡತೊಡಗಿದೆ.