ಇಸ್ತ್ರಿ ಅಂಗಿಯ ಫಿರ್ಯಾದುದಾರ

ಜರಗನಹಳ್ಳಿಯ ನಮ್ಮ ಗೇಟಿಗೆ ಅಡ್ಡವಾಗಿ ನಿಂತಿದ್ದ ಬೈಕನ್ನು ಸ್ವಲ್ಪ ಸರಿಸುವಿರಾ ಎಂದು ಎದುರುಮನೆಯಾತನನ್ನು ನಾನು ವಿನಯದಿಂದಲೇ ಕೇಳಿದ್ದೆ. ಆತ ಹೆಲ್ಮೆಟ್ಟಿನಿಂದ ಉತ್ತರ ಕೊಟ್ಟ. ಮೊದಲ ಏಟಿಗೆ ಹುಬ್ಬು ಒಡೆಯಿತು. ಎರಡನೆಯದಕ್ಕೆ, ಐವತ್ತು ವರ್ಷಕ್ಕೂ ಮಿಕ್ಕಿ ನಿಷ್ಠೆಯಿಂದ ದುಡಿದ ಮುಂದಿನ ಹಲ್ಲೊಂದು ಸೇವೆಯಿಂದ ನಿವೃತ್ತವಾಯಿತು. ನೆಲಕ್ಕೆ ಬಿದ್ದ ಮೇಲೂ ಪಕ್ಕೆಗೆ ಒದ್ದ. ಬೆಳಗಿನ ಹತ್ತು ಗಂಟೆ. ಬೀದಿಯಲ್ಲಿ ಸಾಕ್ಷಿಗೆಂದು ಒಂದು ಹಸುವಿತ್ತು, ಅಷ್ಟೇ.

ಇನ್ನು ನನ್ನ ತಪ್ಪು. ಠಾಣೆಯೆಂದರೆ ಸರ್ಕಾರದ ಸನ್ನಿಧಾನ, ಅಲ್ಲಿಗೆ ರಕ್ತದ ಅಂಗಿಯಲ್ಲಿ ಹೋಗಬಾರದು ಎಂದು ಮುಖ ತೊಳೆದು, ಹುಬ್ಬಿಗೆ ಪಟ್ಟಿ ಅಂಟಿಸಿ, ತಲೆ ಬಾಚಿ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಹೊರಟೆ. ಹಳೆಯದನ್ನು ಹೆಂಡತಿ ಆಗಲೇ ಬಕೆಟ್ಟಿನಲ್ಲಿ ನೆನೆಹಾಕಿದ್ದಳು.

ಎದುರುಮನೆಯಾತ ನನಗಿಂತ ಮೊದಲೇ ಠಾಣೆಯಲ್ಲಿದ್ದ. ಬನಿಯನ್ ತಾನೇ ಹರಿದುಕೊಂಡು, ನೆಲದ ಮೇಲೆ ಕೂತು, ಹೆಲ್ಮೆಟ್ಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅಳುತ್ತಿದ್ದ.

"ಈ ಅಂಕಲ್ಲೇ ಮೇಡಂ, ಕತ್ತು ಹಿಸುಕಿದ್ರು!"

ದೂರು ಬರೆದುಕೊಳ್ಳುವ ಮೇಡಂ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ನೆಟ್ಟಗೆ ನಿಂತು, ನಡೆದದ್ದನ್ನು ಅನುಕ್ರಮವಾಗಿ, ದನಿ ಏರಿಸದೆ ನಿವೇದಿಸಿದೆ. ಕರವಸ್ತ್ರ ಬಿಚ್ಚಿ ಹಲ್ಲನ್ನು ಮೇಜಿನ ಮೇಲಿಟ್ಟೆ.

"ಹೊಡೆಸ್ಕೊಂಡೋರು ಹಿಂಗಿರ್ತಾರಾ ಸಾರ್? ಮದ್ವೆಗೆ ಬಂದಂಗ್ ಬಂದಿದೀರ."

"ಹಲ್ಲು ಹೋಗಿದೆ, ಮೇಡಂ."

"ವಯಸ್ಸಾಯ್ತಲ್ಲ, ಹೋಗತ್ತೆ. ಅವ್ನ್ ನೋಡಿ ಪಾಪ, ಹೆಂಗ್ ನಡುಗ್ತಿದಾನೆ. ನಿಮ್ ಮೇಲೇ ಕೇಸಾಗತ್ತೆ, ಗೊತ್ತಾ?"

ಜೀವಮಾನದಲ್ಲಿ ಒಂದು ಸೊಳ್ಳೆಯನ್ನೂ ಒಂದೇ ಏಟಿಗೆ ಕೊಲ್ಲಲಾಗದ ನನಗೆ ಆರೋಪಿಯಾಗುವ ಯೋಗ ಕೂಡಿಬಂದಿತ್ತು. ನಾನೂ ಕಿರುಚೋಣವೆಂದುಕೊಂಡೆ, ಅಭ್ಯಾಸವಿಲ್ಲದ ಕೆಲಸಕ್ಕೆ ಗಂಟಲು ಒಪ್ಪಲಿಲ್ಲ. ಅವನ ಬಿಕ್ಕಳಿಕೆ ಜೋರಾದಾಗ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಅವನ ಮುಂದೆ ಹಿಡಿದೆ.

"ಕುಡೀರಿ. ಹೊಡೆದೂ ಹೊಡೆದೂ ಸುಸ್ತಾಗಿದೀರಿ."

ಅಳು ಥಟ್ಟನೆ ನಿಂತಿತು.

"ಲೇ ಮುದ್ಕಾ, ಅಷ್ಟು ಒದ್ರೂ ಬುದ್ಧಿ ಬಂದಿಲ್ವಾ ನಿಂಗೆ?"

ಎದ್ದವನೇ ಹೆಲ್ಮೆಟ್ ಬೀಸಿದ. ಮೂಗಿನ ಮೂಳೆ ಕಟಕ್ಕೆಂದಿತು. ಮೇಜು, ರಿಜಿಸ್ಟರು, ಬಿಳಿ ಅಂಗಿ, ಎಲ್ಲದರ ಮೇಲೂ ರಕ್ತ. ಎರಡನೇ ಸಲ ಬೀಸುವಷ್ಟರಲ್ಲಿ ಇಬ್ಬರು ಪೇದೆಗಳು ಅವನ ತೋಳು ತಿರುಚಿ ಗೋಡೆಗೆ ಅಪ್ಪಳಿಸಿದರು. ಈಗ ಅವನು ನಡುಗುತ್ತಿರಲಿಲ್ಲ.

ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ಈಗ ಹೇಳಿ ಸಾರ್, ಬರ್ಕೋತೀನಿ."

ಮೂಗನ್ನು ಒತ್ತಿ ಹಿಡಿದು, ಮೊದಲು ಹೇಳಿದ್ದನ್ನೇ ಅದೇ ಅನುಕ್ರಮದಲ್ಲಿ, ದನಿ ಏರಿಸದೆ ಹೇಳಿದೆ. ಒಂದಕ್ಷರ ಬಿಡದೆ ಬರೆದುಕೊಂಡರು.