ಕಾರ್ಡು ನನ್ನ ಚೀಲದಲ್ಲೇ ಇತ್ತು

ಇಂಥ ಅನುಭವಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಯಂತ್ರ ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ ಎಂದೇ ನಂಬಿ ಬದುಕಿದವಳು. ಹೊಸ ಬೋರ್ಡುಗಳಿಗೆ ಬೂಟ್‌ಲೋಡರ್ ಹೊಂದಿಸಿಕೊಡುವುದು ನನ್ನ ಕೆಲಸ. ಕರೆಂಟು ಬಂದೊಡನೆ ಮೊದಲು ಎಚ್ಚರಾಗಿ ಉಳಿದದ್ದನ್ನೆಲ್ಲ ಎಬ್ಬಿಸುವ ಸಣ್ಣ ಪ್ರೋಗ್ರಾಮು ಅದು. ಅದು ಏಳದಿದ್ದರೆ ಬೋರ್ಡು ಬರೀ ತಗಡು.

ಕೆಲವು ವರ್ಷಗಳ ಹಿಂದಿನ ಮಾತು. ಹುಮನಾಬಾದಿನಲ್ಲಿ ಶಾಂತಾಬಾಯಿ ಎಂಬವರು ತಮ್ಮ ತಂಗಿಯ ಜೊತೆ ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರ ನಡೆಸುತ್ತಿದ್ದರು. ಅದರ ಬೋರ್ಡು ಸುಟ್ಟುಹೋಯಿತು. ಸಿಕ್ಕಿದ ಹೊಸದು ಬೇರೆ ಜಾತಿಯದು. ಮೊಟ್ಟೆಗಳಿಗೆ ಆಗಲೇ ಹದಿನೇಳನೆಯ ದಿನ. ಇನ್ನು ನಾಲ್ಕು ದಿನಕ್ಕೆ ಮರಿ. ಅಕ್ಕತಂಗಿಯರು ಬಲ್ಬು ಉರಿಸಿ, ಕೌದಿ ಹೊದಿಸಿ, ಪಾಳಿಯ ಮೇಲೆ ಕಾಯುತ್ತಿದ್ದರು.

ಅವರು ಕರೆಸಿದರೆಂದು ಹೋಗಿ ಒಂದೂವರೆ ದಿನ ಅಲ್ಲೇ ಕೂತೆ. ಬೋರ್ಡು ಒಂದು ಸಾಲು ತೋರಿಸಿ ನಿಂತುಬಿಡುತ್ತಿತ್ತು. ತನ್ನ ಮೆಮೊರಿ ಎಲ್ಲಿದೆ ಎಂಬುದೇ ಅದಕ್ಕೆ ತಿಳಿಯುತ್ತಿರಲಿಲ್ಲ. ಸೋತು, ಪ್ರೋಗ್ರಾಮು ಇರುವ ಉಗುರಿನಷ್ಟು ಕಾರ್ಡನ್ನು ಕಿತ್ತುಕೊಂಡು ಬಸವಕಲ್ಯಾಣದ ಮನೆಗೆ ಬಂದೆ. ಬೆಳಿಗ್ಗೆ ತಪ್ಪು ಸಿಕ್ಕಿತು. ಒಂದೇ ಒಂದು ಅಂಕಿ. ತಿದ್ದಿದೆ. ಸಾಕಾಗಿಹೋಗಿತ್ತೋ ಏನೋ, ಪರದೆಯ ಮೊದಲ ಸಾಲಿಗೆ ‘ಏಳವ್ವ’ ಎಂದು ಬರೆದೆ. ಯಾರಿಗೂ ಹೇಳಲಿಲ್ಲ. ಕಾರ್ಡಿಗೆ ತುಂಬಿಕೊಂಡು ಬಸ್ಸು ಹತ್ತಿದೆ.

ಬಸ್ಸು ದಾರಿಯ ರಾಜೇಶ್ವರ ಊರನ್ನು ಇನ್ನೂ ಮುಟ್ಟಿರಲಿಲ್ಲ, ಶಾಂತಾಬಾಯಿಯವರ ಫೋನ್ ಬಂತು.

“ಮಷೀನ್ ಎದ್ದದ ನೋಡವ್ವ. ಕಾವು ಏರಾಕತ್ತದ.”

“ಯಾರರ ಮುಟ್ಟಿದ್ರೇನ್ರಿ ಕಾಕು?”

“ಯಾರೂ ಮುಟ್ಟಿಲ್ಲ. ಕರೆಂಟ್ ಹೋಗಿ ಬಂತು, ಅಷ್ಟೇ. ಏಳವ್ವ ಅಂತ ಬಂದದ ಇದರಾಗ. ನೀನೇ ಬರದಿದ್ದೇನು?”

ಚೀಲಕ್ಕೆ ಕೈ ಹಾಕಿದೆ. ಕಾರ್ಡು ಅದರ ಡಬ್ಬಿಯಲ್ಲೇ ಇತ್ತು.

ಹೋಗಿ ನೋಡಿದರೆ ಬೋರ್ಡಿನ ಕಾರ್ಡಿನ ಜಾಗ ಖಾಲಿ. ಕಾವು ಎಷ್ಟು ಬೇಕೋ ಅಷ್ಟಕ್ಕೆ ನಿಂತಿತ್ತು. ಮುಟ್ಟುವ ಧೈರ್ಯ ನನಗಾಗಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಕೂತಲ್ಲೇ ನಿದ್ದೆ ಹತ್ತಿತು.

ಇಪ್ಪತ್ತೊಂದನೆಯ ದಿನಕ್ಕೆ ಸರಿಯಾಗಿ ಮರಿಗಳು ಚಿಪ್ಪು ಒಡೆದವು. ಎಲ್ಲವನ್ನೂ ತೆಗೆದ ಮೇಲೆ ಬೋರ್ಡನ್ನು ಆರಿಸಿ, ಕಾರ್ಡಿಲ್ಲದೆ ಮತ್ತೆ ಹಚ್ಚಿದೆ. ಏಳಲಿಲ್ಲ. ಕಾರ್ಡು ಹಾಕಿದೆ, ಎದ್ದಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಅಷ್ಟೇ. ಬೋರ್ಡಿನ ಒಳಗೆ ಏನಾದರೂ ಉಳಿದಿತ್ತೇ ಎಂದು ಹುಡುಕಿದೆ. ಅಲ್ಲಿ ಒಂದಕ್ಷರವೂ ಇರಲಿಲ್ಲ. ಇದ್ದಿದ್ದರೂ, ನಾನು ಆ ಬೆಳಿಗ್ಗೆ ಮನೆಯಲ್ಲಿ ಬರೆದ ಮಾತು ಅದಕ್ಕೆ ಹೇಗೆ ಸಿಗಬೇಕು?

“ಏನಾಗಿತ್ತವ್ವ ಅದಕ್ಕ?” ಎಂದು ಶಾಂತಾಬಾಯಿ ಕೇಳಿದರು.

“ವೈರ್ ಸಡಿಲ ಇತ್ತ್ರಿ,” ಎಂದೆ.

ಅವರು ಅಂಗೈಯಲ್ಲಿದ್ದ ಒದ್ದೆ ಮರಿಯನ್ನು ಸೆರಗಿನಿಂದ ಒರೆಸಿದರು. “ಇರಬಹುದು ಬಿಡು,” ಎಂದರು. ನಾನು ಹೇಳಿದ್ದನ್ನು ಅವರು ನಂಬಲಿಲ್ಲ.