ಬರೆಯದೆ ಅಚ್ಚಾದ ಸಾಲು

ನಮ್ಮ ಮನೆಯ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಒಂದು ಸಣ್ಣ ಪುಸ್ತಕವಿದೆ. ರಟ್ಟಿಲ್ಲ, ಬರೀ ದಪ್ಪ ಕಾಗದದ ಹೊದಿಕೆ. ಮೂಲೆಗಳಿಗೆ ವರ್ಷವರ್ಷವೂ ಅರಿಶಿನ ಹಚ್ಚಿ, ಅದರ ಮೊದಲ ಬಣ್ಣ ಯಾವುದಿತ್ತೆಂದು ಈಗ ನನಗೇ ನೆನಪಿಲ್ಲ. ಮಧುಗಿರಿಯ ಲೈಬ್ರರಿಯಲ್ಲಿ ಗುರುವಾರ ಮಧ್ಯಾಹ್ನ ಸೇರುತ್ತಿದ್ದ ನಾವು ಏಳು ಜನ ಹೆಂಗಸರು ಬರೆದು, ನಾವೇ ಅಚ್ಚು ಹಾಕಿಸಿದ ಪುಸ್ತಕ ಅದು. ಅದರಲ್ಲಿ ನನ್ನ ಬರಹದ ಕೊನೆಗೆ ಒಂದು ಸಾಲಿದೆ. ಆ ಸಾಲನ್ನು ನಾನು ಬರೆದಿಲ್ಲ. ಯಾರೂ ಬರೆದಿಲ್ಲ. ಆದರೂ ಅದು ಅಚ್ಚಾಯಿತು. ದೇವರು ನನಗೆ ಮಾಡಿದ ಉಪಕಾರಗಳನ್ನು ನೆನೆಯುತ್ತ ಕೂತಾಗಲೆಲ್ಲ ಮೊದಲು ನೆನಪಾಗುವುದು ಆ ಸಾಲೇ.

ನನ್ನ ತವರು ಸಿರಾ ಕಡೆ. ಅಪ್ಪ ಬರಗೂರಿನ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಪೇರಿಸಿ ಸರಸ್ವತಿಯನ್ನು ಕೂರಿಸುತ್ತಿದ್ದರು. ವಿಜಯದಶಮಿಗೆ ಆಕೆಯನ್ನು ಎಬ್ಬಿಸುವ ತನಕ ಮನೆಯಲ್ಲಿ ಯಾರೂ ಒಂದಕ್ಷರ ಓದುವಂತಿಲ್ಲ, ಬರೆಯುವಂತಿಲ್ಲ. ಆ ದಿನಗಳಲ್ಲಿ ಅಪ್ಪ ಬಸ್ಸಿನ ಬೋರ್ಡನ್ನೂ ಓದುತ್ತಿರಲಿಲ್ಲ. ಯಾವ ಊರಿಗೆ ಹೋಗುತ್ತದೆಂದು ಕಂಡಕ್ಟರನ್ನು ಕೇಳಿ ಹತ್ತುತ್ತಿದ್ದರು. ಮದುವೆಯಾಗಿ ಮಧುಗಿರಿಗೆ ಬಂದಾಗ ನಾನು ಟ್ರಂಕಿನಲ್ಲಿ ನಾಲ್ಕು ಪುಸ್ತಕ ತಂದೆ, ಜೊತೆಗೆ ಈ ಪದ್ಧತಿಯನ್ನೂ ತಂದೆ.

ನಮ್ಮತ್ತೆ ಪುರವರದವರು. ಅಕ್ಷರ ಕಲಿತವರಲ್ಲ. ನಾನು ಬರುವ ಮುಂಚೆ ಆ ಮನೆಯಲ್ಲಿ ಓದುವಂಥದ್ದೆಂದರೆ ಗೋಡೆಯ ಮೊಳೆಗೆ ನೇತುಹಾಕಿದ್ದ ಪಂಚಾಂಗವೊಂದೇ. ಮೊದಲ ವರ್ಷವೇ ನನ್ನ ನಾಲ್ಕು ಪುಸ್ತಕಗಳಲ್ಲಿ ಒಂದು ಬಚ್ಚಲ ಒಲೆಗೆ ಹೋಯಿತು. ನೀರು ಕಾಯಿಸಲು ಹೋದವಳಿಗೆ ಅರೆಬೆಂದ ಹಾಳೆಗಳು ಕಂಡವು. ಕೇಳಿದೆ. "ಹಳೇ ಕಾಗ್ದ ಅಂದ್ಕಂಡೆ ಕಣಮ್ಮ," ಅಂದರು ಅತ್ತೆ. ಉಳಿದ ಮೂರನ್ನು ಸೀರೆಗಳ ಮಡಿಕೆಯೊಳಗೆ ಇಟ್ಟೆ.

ಎರಡು ವರ್ಷ ಕಳೆದು, ನನಗೆ ಮಗಳು ಹುಟ್ಟಿದ ಮೇಲೆ ಅತ್ತೆ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದರು. ಹಾಸಿಗೆಯ ಪಕ್ಕ ಕೂತು ರಾಗಿ ಗಂಜಿ ಕುಡಿಸುವಾಗ ಹೊತ್ತು ಹೋಗಲೆಂದು ಒಂದು ಕಥೆ ಓದಿ ಹೇಳಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದವರು ಸ್ವಲ್ಪ ಹೊತ್ತಿನ ಮೇಲೆ ಈ ಕಡೆ ತಿರುಗಿ, "ಆಮ್ಯಾಕೆ?" ಅಂದರು. ಆಮೇಲೇನಾಯಿತೆಂದು ಅವರೇ ಕೇಳಿದಾಗ ನನ್ನ ಕಣ್ಣು ತುಂಬಿತು. ಮೂರು ಪುಸ್ತಕವೂ ಮುಗಿದಾಗ ಅವರೇ ಕೇಳಿದರು, "ಆ ಲೈಬ್ರರಿ ಅಂತ ಐತಲ್ಲ, ಅಲ್ಲಿ ಸಿಕ್ಕಾಕಿಲ್ವಾ? ವೋಗ್ ಬಾ. ಮಗೀನ ನಾನ್ ನೋಡ್ಕತೀನಿ."

ಹೀಗೆ ನಾನು ಲೈಬ್ರರಿಯ ಮೆಟ್ಟಿಲು ಹತ್ತಿದೆ. ಅಲ್ಲಿಂದ ತಂದ ಕಾದಂಬರಿಗಳ ಅಂಚಿನಲ್ಲಿ ನನಗಿಂತ ಮುಂಚೆ ಓದಿದವರು ಪೆನ್ಸಿಲಿನಲ್ಲಿ "ಅಯ್ಯೋ ಪಾಪ", "ಇವಳಿಗೆ ಬುದ್ಧಿಯಿಲ್ಲ" ಎಂದೆಲ್ಲ ಬರೆದಿರುತ್ತಿದ್ದರು. ಕೆಲವು ಹಾಳೆಗಳಲ್ಲಿ ಸಾರಿನಪುಡಿಯ ಬೆರಳಚ್ಚೂ ಇರುತ್ತಿತ್ತು. ನನ್ನ ಹಾಗೆಯೇ ಒಲೆಯ ಮುಂದೆ ಕೂತು ಓದುವವರು ಈ ಊರಿನಲ್ಲಿ ಇನ್ನೂ ಇದ್ದಾರೆಂದು ತಿಳಿದು ಸಮಾಧಾನವಾಗುತ್ತಿತ್ತು. ಹಿಟ್ಟಿನ ಗಿರಣಿಯ ಸರತಿಯಲ್ಲಿ ನಿಂತಾಗಲೂ ಸೆರಗಿನ ಮರೆಯಲ್ಲಿ ನಾಲ್ಕು ಪುಟ ಓದುತ್ತಿದ್ದೆ.

ಗುರುವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯನ್ನು ಹೆಂಗಸರಿಗೆ ಬಿಟ್ಟುಕೊಟ್ಟವರು ಅಲ್ಲಿನ ಗ್ರಂಥಪಾಲಕರು. "ಓದಿ ಓದಿ ಸುಮ್ಮನೆ ಕೂರಬೇಡಿ, ನೀವೂ ಬರೀರಮ್ಮ," ಎಂದವರೂ ಅವರೇ. ಅವರು ಹಾಕಿದ ನಿಯಮ ಒಂದೇ. ಬರೆದವಳು ತನ್ನದನ್ನು ತಾನು ಓದಬಾರದು, ಪಕ್ಕದವಳು ಗಟ್ಟಿಯಾಗಿ ಓದಬೇಕು. ನನ್ನ ಪಕ್ಕ ಕೂರುತ್ತಿದ್ದವಳು ನಮ್ಮ ಬೀದಿಯವಳೇ, ಪಾವಗಡದಿಂದ ಮದುವೆಯಾಗಿ ಬಂದವಳು. ಅವಳ ಕನ್ನಡಕ್ಕೆ ತೆಲುಗಿನ ಎಳೆತವಿತ್ತು. ಅವಳು ಓದಿದರೆ ದುಃಖದ ಕಥೆಯೂ ಅರ್ಧ ನಗುವಾಗುತ್ತಿತ್ತು.

ಏಳು ಜನವೂ ಒಂದೊಂದು ಬರೆದು ಪುಸ್ತಕ ಮಾಡೋಣವೆಂದು ತೀರ್ಮಾನವಾದಾಗ, ನನ್ನ ಬದುಕಿಗೆ ಬಂದ ಪುಸ್ತಕಗಳ ಬಗ್ಗೆ ನಾನು ಬರೆದೆ. ಬಚ್ಚಲ ಒಲೆಯ ಸಂಗತಿಯನ್ನೂ ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಪಾವಗಡದವಳು ಅದನ್ನು ಓದುತ್ತ ಓದುತ್ತ ಅಲ್ಲಿಗೆ ಬಂದು ನಿಂತಳು. ಆ ಸಲ ಯಾರಿಗೂ ನಗು ಬರಲಿಲ್ಲ.

"ಅಕ್ಕಾ, ಇದು ಅತ್ತಮ್ಮನ ಕಿವಿಗೆ ಬಿದ್ದರೆ ಎಟ್ಲಾ?" ಎಂದಳು.

ನನ್ನದೇ ಮಾತು ಬೇರೆಯವರ ಬಾಯಲ್ಲಿ ಕೇಳಿದಾಗ ಅದರ ಭಾರ ಗೊತ್ತಾಯಿತು. ಪುಸ್ತಕ ಅಚ್ಚಾದರೆ ಅತ್ತೆ ಖಂಡಿತ ಓದಿಸಿಕೊಂಡು ಕೇಳುತ್ತಾರೆ. ಬೀದಿಯವರೂ ಓದುತ್ತಾರೆ. ನನ್ನ ಮಗುವನ್ನು ಸೊಂಟದ ಮೇಲೆ ಹೊತ್ತು, ನನ್ನನ್ನು ಲೈಬ್ರರಿಗೆ ಕಳಿಸಿದ ಹೆಂಗಸನ್ನು ಊರಿನ ಎದುರು ಪುಸ್ತಕ ಸುಟ್ಟವಳೆಂದು ನಿಲ್ಲಿಸಿದಂತಾಗುತ್ತದೆ. ಏನು ಮಾಡಲೆಂದು ಯೋಚಿಸುವಷ್ಟರಲ್ಲಿ ಬರಹಗಳೆಲ್ಲ ಪ್ರೆಸ್ಸಿಗೆ ಹೋಗಿಯಾಗಿತ್ತು. ಪ್ರೂಫ್ ಬಂದಾಗ ಆ ಸಾಲನ್ನು ಹೊಡೆದುಹಾಕಿದರಾಯಿತು ಅಂದುಕೊಂಡೆ.

ಪ್ರೆಸ್ ಇದ್ದದ್ದು ಕೊರಟಗೆರೆಯಲ್ಲಿ. ಪ್ರೆಸ್ಸಿನ ಯಜಮಾನರೇ ಅಕ್ಷರದ ಮೊಳೆ ಜೋಡಿಸುವವರು, ಅವರೇ ಕಾಲಲ್ಲಿ ತುಳಿದು ಮೆಷಿನ್ ಓಡಿಸುವವರು. ಅವರಲ್ಲಿದ್ದ ಸೀಸದ ಅಕ್ಷರದ ಮೊಳೆಗಳು ಎಂಟು ಪುಟಕ್ಕಷ್ಟೇ ಸಾಲುತ್ತಿದ್ದವು. ಎಂಟು ಪುಟ ಜೋಡಿಸಿ ಅಚ್ಚು ಹಾಕಿ, ಮೊಳೆ ಬಿಚ್ಚಿ, ಅದೇ ಮೊಳೆಗಳಿಂದ ಮುಂದಿನ ಎಂಟು ಪುಟ. ಕೊನೆಯ ಎಂಟು ಪುಟದ ಪ್ರೂಫ್ ನವರಾತ್ರಿಯ ಹೊತ್ತಿಗೆ ಬಸ್ಸಿನಲ್ಲಿ ನನ್ನ ಕೈ ಸೇರಿತು. ತಿದ್ದುವ ಕೆಲಸ ನನ್ನದಾಗಿತ್ತು. ಜೊತೆಗೆ ಚೀಟಿಯೊಂದಿತ್ತು. ಆಯುಧಪೂಜೆಯ ದಿನ ಅಕ್ಷರಗಳೆಲ್ಲ ಪೆಟ್ಟಿಗೆಯ ತಮ್ಮ ತಮ್ಮ ಮನೆಯಲ್ಲಿರಬೇಕು, ಕಟ್ಟಿದ ಪುಟ ಇಟ್ಟುಕೊಂಡು ನಾವು ಪೂಜೆ ಮಾಡುವುದಿಲ್ಲ, ಹಿಂದಿನ ದಿನ ಮಧ್ಯಾಹ್ನದೊಳಗೆ ಪ್ರೂಫ್ ಬರದಿದ್ದರೆ ಇದ್ದ ಹಾಗೇ ಅಚ್ಚು ಹಾಕುತ್ತೇನೆ ಎಂದು.

ಉಳಿದವರ ಪುಟಗಳನ್ನೆಲ್ಲ ಕೂತು ತಿದ್ದಿದೆ. ನನ್ನ ಪುಟವನ್ನು ಕೊನೆಗೆ ಇಟ್ಟುಕೊಂಡೆ. ಸಾಲು ತೆಗೆದರೆ ಬರಹವೇ ಕುಂಟುತ್ತದೆ, ಬಿಟ್ಟರೆ ಅತ್ತೆಗೆ ನೋವು. ನಾಳೆ ನೋಡೋಣ, ನಾಳೆ ನೋಡೋಣ ಎನ್ನುತ್ತಲೇ ಮೂಲಾ ನಕ್ಷತ್ರದ ದಿನ ಬಂತು. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಪುಸ್ತಕ ಪೇರಿಸುವಾಗ, ನಮ್ಮ ಪುಸ್ತಕಕ್ಕೂ ತಾಯಿಯ ಆಶೀರ್ವಾದ ಸಿಗಲೆಂಬ ಸಂಭ್ರಮದಲ್ಲಿ, ಗಡುವನ್ನು ಮರೆತು, ಪ್ರೂಫಿನ ಹಾಳೆಗಳನ್ನೇ ಎಲ್ಲದರ ಮೇಲೆ ಇಟ್ಟೆ. ಹೂವಿಟ್ಟೆ, ಹಾಲು ನೈವೇದ್ಯ ಮಾಡಿದೆ, ಆರತಿ ಎತ್ತಿದೆ.

ಸಂಜೆ ಪಾವಗಡದವಳು ಕುಂಕುಮಕ್ಕೆ ಬಂದಳು. "ಏಮಕ್ಕಾ, ಪ್ರೂಫ್ ಕಳಿಸಿ ಆಯ್ತಾ?"

ನಾನು ಮಣೆಯ ಕಡೆ ನೋಡಿದೆ. ಅವಳೂ ನೋಡಿದಳು.

"ಬಿಡಕ್ಕಾ, ಸರಸ್ವತಮ್ಮನೇ ತಿದ್ದಿ ಕೊಡ್ತಾಳೆ," ಎಂದು ನಕ್ಕವಳು, ನನ್ನ ಮುಖ ನೋಡಿ ಕುಂಕುಮದ ಬಟ್ಟಲು ಕೆಳಗಿಟ್ಟಳು. ಆ ಸಾಲು ಇನ್ನೂ ಹಾಗೆಯೇ ಇದೆ ಎಂದು ಅವಳಿಗೆ ತಿಳಿಯಿತು.

ಅತ್ತೆ ಹೊಸ್ತಿಲ ಹತ್ತಿರ ಕೂತು ಅಡಿಕೆ ಕತ್ತರಿಸುತ್ತಿದ್ದರು. "ಏನಾಯ್ತಮ್ಮಿ?" ಎಂದರು. ನಾಳೆ ಮಧ್ಯಾಹ್ನವೇ ಗಡುವೆಂದು ಪ್ರೆಸ್ಸಿನ ಮಾತಷ್ಟನ್ನೇ ಹೇಳಿದೆ. ಕೂರಿಸಿದ ಮೇಲೆ ನಾನು ಮುಟ್ಟಬಾರದು, ಓದಬಾರದು, ಬರೆಯಬಾರದು ಎಂದೆ. ಅವರು ಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಓದ್ಬಾರ್ದು ಅನ್ನೋ ನೇಮ ಓದೋರ್ಗೆ. ನಂಗೇನು ಓದಾಕ್ ಬತ್ತದಾ? ನಾನ್ ಮುಟ್ಟುದ್ರೆ ಬರೀ ಕಾಗ್ದ. ನಾಳೀಕೆ ನಾನೇ ತಕ್ಕೊಂಡ್ ಬತ್ತೀನಿ, ನೀನು ಜೊತೇಗ್ ಬಾ."

ಮಾರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಮಣೆಯ ಮುಂದೆ ಕೈಮುಗಿದು, "ತಾಯಿ, ಒಸಿ ಹೊತ್ತು ಇಸ್ಕೋತೀನಿ, ತಿರ್ಗಾ ತಂದ್ ಮಡುಗ್ತೀನಿ," ಎಂದು ಹೇಳಿ, ಪ್ರೂಫ್ ತೆಗೆದ ಜಾಗದಲ್ಲಿ ಒಂದು ವೀಳ್ಯದೆಲೆ ಇಟ್ಟರು. ಮಗಳನ್ನು ಪಾವಗಡದವಳ ಮನೆಯಲ್ಲಿ ಬಿಟ್ಟು ಇಬ್ಬರೂ ಬಸ್ಸು ಹತ್ತಿದೆವು. ಹಾಳೆಗಳನ್ನು ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು.

"ಇದ್ರಾಗೆ ನಿಂದು ಯಾವ್ದು?"

"ನೋಡೋ ಹಾಗಿಲ್ಲವಲ್ಲ ಅತ್ತೆ."

"ಅಂಗಾದ್ರೆ ಇವತ್ತು ನೀನೂ ನಾನೂ ಒಂದೇ ಅನ್ನು," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಯಾವ ಸಾಲು ತೆಗೆಯಬೇಕೆಂದು ನಾನು ಬೆರಳಿಟ್ಟು ತೋರಿಸುವಂತಿಲ್ಲ. ಬಾಯಿಬಿಟ್ಟೇ ಹೇಳಬೇಕು. ಅತ್ತೆ ಪಕ್ಕದಲ್ಲೇ ಇರುತ್ತಾರೆ. ಹೇಳದಿದ್ದರೆ ಅಚ್ಚಾಗುತ್ತದೆ. ದಾರಿಯುದ್ದಕ್ಕೂ ಮನೆದೇವರನ್ನು ನೆನೆಯುತ್ತ ಕೂತೆ.

ಪ್ರೆಸ್ಸಿನಲ್ಲಿ ಸೀಮೆಎಣ್ಣೆ ವಾಸನೆ. ಯಜಮಾನರು ಮೆಷಿನ್ನಿನ ರೋಲರ್ ಒರೆಸುತ್ತಿದ್ದರು. "ಬನ್ನಿ ತಾಯಿ. ಇನ್ನೊಂದ್ ಗಳಿಗೆ ತಡ ಮಾಡಿದ್ರೆ ಅಚ್ಚು ಹಾಕ್ಬುಡ್ತಿದ್ದೆ," ಎಂದು ಸ್ಟೂಲು ಎಳೆದು ಅತ್ತೆಯನ್ನು ಕೂರಿಸಿದರು. ತಿದ್ದಿದ ಪುಟಗಳನ್ನು ನೋಡಿ ಒಂದೊಂದೇ ಮೊಳೆ ಬದಲಿಸಿದರು. ಕೊನೆಯ ಹಾಳೆಗೆ ಬಂದು, "ಇದ್ರಲ್ಲಿ ತಪ್ಪೇ ಇಲ್ವಾ?" ಎಂದರು.

"ಒಂದು ಸಾಲು ತೆಗೀಬೇಕಿತ್ತು," ಎಂದೆ.

"ಯಾವುದಮ್ಮ?"

"ಒಲೆ ಅಂತ ಬರುತ್ತಲ್ಲ, ಅದು."

ಅವರು ಕಟ್ಟಿದ ಪುಟದ ಮೇಲೆ ಬಗ್ಗಿ, ತಿರುಗುಮುರುಗಾಗಿ ಕೂತ ಅಕ್ಷರಗಳನ್ನು ಸಲೀಸಾಗಿ, ಕಸುಬಿನ ಅಭ್ಯಾಸದಂತೆ ಗಟ್ಟಿಯಾಗಿ ಓದಿಬಿಟ್ಟರು. "ಮದುವೆಯಾದ ಮೊದಲ ವರ್ಷ ನನ್ನ ಒಂದು ಪುಸ್ತಕವನ್ನು ಅತ್ತೆಯವರು ಬಚ್ಚಲ ಒಲೆಗೆ ಹಾಕಿದರು."

ನಾನು ನೆಲ ನೋಡುತ್ತ ನಿಂತೆ.

"ಅವತ್ತು ಹಳೇ ಕಾಗ್ದ ಅಂದಿದ್ದೆ ಅಲ್ವಾ," ಎಂದರು ಅತ್ತೆ. "ಸುಳ್ಳು ಕಣಮ್ಮ. ಪುಸ್ತ್ಕ ಅಂತ ಗೊತ್ತಿತ್ತು. ನೀನು ಅದ್ನ ಇಡ್ಕಂಡು ನಿನ್ನಷ್ಟಕ್ ನೀನೇ ನಗ್ತಿದ್ದೆ. ನನ್ನ ನೋಡ್ಕಂಡೇ ನಗ್ತಾವ್ಳೆ, ಓದಾಕ್ ಬರ್ದೋಳು ಅಂತ ನಗ್ತಾವ್ಳೆ ಅಂದ್ಕಂಡೆ. ಹೊಟ್ಟೆ ಉರ್ದೋಯ್ತು, ಹಾಕ್ಬುಟ್ಟೆ."

"ನಿಮ್ಮನ್ನು ನೋಡಿ ನಗಲಿಲ್ಲ ಅತ್ತೆ."

"ಈಗ ಗೊತ್ತು ಬುಡು. ನೀನು ಓದಿ ಹೇಳ್ದಾಗ ನಾನೂ ನಕ್ಕಿಲ್ವಾ?"

ನಾನು ಯಜಮಾನರ ಕಡೆ ತಿರುಗಿ, "ತೆಗೆದುಬಿಡಿ," ಎಂದೆ.

"ಯಾಕ್ ತೆಗೀಬೇಕು?" ಎಂದರು ಅತ್ತೆ. "ದಿಟ ತಾನೆ. ಇರ್ಲಿ. ಆದ್ರೆ ಸ್ವಾಮಿ, ಅಷ್ಟಕ್ಕೇ ನಿಲ್ಲಿಸ್ಬ್ಯಾಡಿ. ಅತ್ತೆ ಹೇಳಿದ್ದು ಅಂತ ಇನ್ನೊಂದ್ ಮಾತು ಸೇರ್ಸಿ. ಪುಸ್ತ್ಕ ಸುಟ್ಟೋಳೂ ನಾನೇ, ಆಮ್ಯಾಕೆ ಲೈಬ್ರರಿಗೆ ಕಳಿಸ್ದೋಳೂ ನಾನೇ ಅಂತ."

ಯಜಮಾನರು ತಲೆ ಕೆರೆದುಕೊಂಡರು. ಪುಟ ತುಂಬಿತ್ತು, ಜಾಗವಿರಲಿಲ್ಲ. ಕೊನೆಯಲ್ಲಿ ಅಂದಕ್ಕೆಂದು ಹಾಕಿದ್ದ ಹೂಬಳ್ಳಿಯ ಅಚ್ಚನ್ನು ತೆಗೆದರೆ ಒಂದು ಸಾಲು ಹಿಡಿಯುತ್ತದೆ ಎಂದರು. ಆಮೇಲೆ ನನಗೆ ಪೆನ್ನು ಚಾಚಿ, "ಬರ್ಕೊಡಿ ತಾಯಿ," ಎಂದರು.

"ಅವ್ಳು ಬರೆಯೋಹಂಗಿಲ್ಲ. ಸರಸ್ವತಿ ಕುಂತವ್ಳೆ," ಎಂದರು ಅತ್ತೆ. "ನಾನ್ ಹೇಳ್ತೀನಿ, ನೀವ್ ಜೋಡ್ಸಿ."

ಹಾಗೆಯೇ ಆಯಿತು. ಅತ್ತೆ ಒಂದೊಂದೇ ಮಾತು ಹೇಳಿದರು, ಯಜಮಾನರು ಪೆಟ್ಟಿಗೆಯ ಮನೆಗಳಿಂದ ಒಂದೊಂದೇ ಅಕ್ಷರ ಆರಿಸಿ ಜೋಡಿಸಿದರು. ನಡುವೆ, "ಕಳಿಸಿದವಳು ಅಂತ ಮಾಡ್ಲಾ?" ಎಂದು ಕೇಳಿದರು. "ನಾನೇನ್ ಅಂಗಾ ಅಂದಿದ್ದು?" ಎಂದು ಅತ್ತೆ ಗದರಿದರು. ಅವರು ಹೇಳಿದಂತೆಯೇ ಉಳಿಯಿತು. ಪೆನ್ನು ಮುಟ್ಟದೆ, ಕಾಗದ ಕಾಣದೆ, ಬಾಯಿಂದ ಸೀದಾ ಸೀಸಕ್ಕೆ ಇಳಿದ ಸಾಲು ಅದು. ನೇಮವೂ ಉಳಿಯಿತು. ಯಜಮಾನರ ಅಕ್ಷರಗಳೂ ಸಂಜೆಯೊಳಗೆ ತಮ್ಮ ಮನೆ ಸೇರಿದವಂತೆ.

ಮನೆಗೆ ಬಂದ ಮೇಲೆ ಅತ್ತೆ ಪ್ರೂಫಿನ ಹಾಳೆಗಳನ್ನು ಮರೆಯದೆ ಮಣೆಯ ಮೇಲಿಟ್ಟು, ವೀಳ್ಯದೆಲೆ ತೆಗೆದರು.

ದೀಪಾವಳಿ ಕಳೆದ ಮೇಲೆ ಪುಸ್ತಕದ ಕಟ್ಟು ಬಂತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಅರಿಶಿನ ಕುಂಕುಮ ಹಚ್ಚಿ ಏಳು ಜನವೂ ಹಂಚಿಕೊಂಡೆವು. ಗ್ರಂಥಪಾಲಕರು ಒಂದು ಪ್ರತಿಗೆ ಲೈಬ್ರರಿಯ ಮುದ್ರೆ ಒತ್ತಿ ಕಪಾಟಿಗೆ ಸೇರಿಸಿದರು. ನನ್ನ ಪ್ರತಿಯನ್ನು ಅತ್ತೆ ನನ್ನ ಕೈಯಿಂದ ತೆಗೆದುಕೊಂಡು ಬೀದಿಯ ಮನೆಮನೆಗೂ ಹೋದರು. ನಾನು ಹೆದರಿದ್ದು ಯಾವುದಕ್ಕೋ, ನಡೆದದ್ದು ಇನ್ನೊಂದು. ಹೂಬಳ್ಳಿ ಇರಬೇಕಾಗಿದ್ದ ಜಾಗ ಯಾವುದೆಂದು ಯಜಮಾನರು ಪ್ರೆಸ್ಸಿನಲ್ಲಿ ತೋರಿಸಿದ್ದರಲ್ಲ, ಅತ್ತೆ ಅದನ್ನು ಮರೆತಿರಲಿಲ್ಲ. ಕೊನೆಯಿಂದ ಹಾಳೆ ಎಣಿಸಿಕೊಂಡು ಬಂದು, ಆ ಪುಟ ತೆಗೆದು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, ಬೆರಳು ಸರಿಸುತ್ತ ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದರು. ಪಾವಗಡದವಳು, "ಅತ್ತಮ್ಮಾ, ಓದೋ ಚದುವು ಯಾವಾಗ ಕಲಿತ್ರಿ?" ಎಂದು ರೇಗಿಸಿದರೆ, "ಇಷ್ಟು ಸಾಕು ಕಣವ್ವ ನಂಗೆ," ಎನ್ನುತ್ತಿದ್ದರು.

ಅತ್ತೆ ತೀರಿಹೋದ ಮೇಲೂ ಪ್ರತಿ ನವರಾತ್ರಿಯಲ್ಲಿ ಆ ಪುಸ್ತಕವನ್ನೇ ಎಲ್ಲದರ ಮೇಲೆ ಇಡುತ್ತೇನೆ. ವಿಜಯದಶಮಿಯ ದಿನ ತಾಯಿಯನ್ನು ಎಬ್ಬಿಸಿ ಕೈಮುಗಿದ ಮೇಲೆ, ಬೇರೇನನ್ನೂ ಓದುವ ಮುಂಚೆ ಆ ಪುಟ ತೆಗೆದು, ಅತ್ತೆಯವರ ಹಾಗೆ ಬೆರಳಿಟ್ಟು, ಆ ಸಾಲನ್ನು ಗಟ್ಟಿಯಾಗಿ ಓದುತ್ತೇನೆ.